ಫ್ಯಾಂಟಮಿನ ಪಕ್ಕೆಯ ತೇಪೆ

ಶಿಜುವೋಕಾ
ಮೇ ೨೮, ಬುಧವಾರ

ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಮೌನವ್ರತ ಹಿಡಿದು ಕುಳಿತಿರುವ ನನ್ನ ಯಜಮಾನರಿಗೆ,

ಹೇಗಿದ್ದೀರಿ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಇಜುವಿನಲ್ಲಿ ಬೆಳಗಿನ ಹೊತ್ತು ಇನ್ನೂ ಚಳಿ ಎಂದು ಚಿಹಾರು ಹೇಳಿದಳು. ಹೋದ ತಿಂಗಳು ಕಳುಹಿಸಿದ ಉಣ್ಣೆಯ ಅಂಗಿಯನ್ನು ಹಾಕಿಕೊಳ್ಳಿ, ಮಡಿಸಿ ಇಡಿ ಎಂದು ಕಳುಹಿಸಿದ್ದಲ್ಲ ಅದು. ಆಸ್ಪತ್ರೆಯ ಮಿಸೊ ಸಾರು ಬರೀ ನೀರು ಎಂದು ಮಗಳ ಹತ್ತಿರ ಗೊಣಗಿದಿರಂತೆ. ನಿಮ್ಮ ರಕ್ತದೊತ್ತಡಕ್ಕೆ ಅದೇ ಸರಿ, ಸುಮ್ಮನೆ ಕುಡಿಯಿರಿ. ಈ ವರ್ಷದ ಹೊಸ ಚಹಾ ಬಂದಿದೆ, ಪತ್ರದ ಜೊತೆ ಒಂದು ಚಿಕ್ಕ ಪೊಟ್ಟಣ ಇಟ್ಟಿದ್ದೇನೆ. ಕುದಿಯುವ ನೀರು ಸುರಿದು ಕೆಡಿಸಬೇಡಿ, ಸ್ವಲ್ಪ ಆರಿಸಿ ಹಾಕಿ ಎಂದು ದಾದಿಯರಿಗೆ ಹೇಳಿ. ಹೇಳಲು ಬಾಯಿ ಬರುತ್ತದೆ ಎಂದು ನನಗೆ ಗೊತ್ತು. ಸಾರಿನ ಮೇಲೆ ದೂರು ಹೇಳಲು ಬಂದ ಬಾಯಿ ಚಹಾದ ವಿಷಯಕ್ಕೂ ಬರುತ್ತದೆ. ನನ್ನ ಮೊಣಕಾಲು ಹಾಗೆಯೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಉಳಿದಂತೆ ಚೆನ್ನಾಗಿದ್ದೇನೆ, ಸಿಟ್ಟೊಂದನ್ನು ಬಿಟ್ಟರೆ.

ಫೋನ್ ಮಾಡಬಹುದಿತ್ತಲ್ಲ, ಪತ್ರ ಯಾಕೆ ಎನ್ನುತ್ತೀರೇನೋ. ಫೋನಿನಲ್ಲಿ ನೀವು "ಹೂಂ" ಎನ್ನುತ್ತೀರಿ, ಆಮೇಲೆ "ಇಡ್ತೀನಿ" ಎನ್ನುತ್ತೀರಿ. ಈ ಎರಡು ಮಾತು ಕೇಳಲು ನಾನು ಇಷ್ಟು ವರ್ಷ ನಿಮ್ಮ ಜೊತೆ ಬಾಳಿಲ್ಲ. ಪತ್ರವನ್ನು ನೀವು ಇಟ್ಟರೂ ಅದು ಮೇಜಿನ ಮೇಲೆ ನಿಮ್ಮನ್ನೇ ನೋಡಿಕೊಂಡು ಕುಳಿತಿರುತ್ತದೆ. ಓದಲು ಕಣ್ಣು ಚೆನ್ನಾಗಿವೆ, ಹಾಳೆ ಹಿಡಿಯಲು ಎಡಗೈ ಇದೆ. ಆದ್ದರಿಂದ ನೆಪ ಹೇಳದೆ ಪೂರ್ತಿ ಓದಿ.

ವಿಷಯ ನಿಮ್ಮ ವಿಮಾನದ್ದು. ಮೊನ್ನೆ ಮಾದರಿ ವಿಮಾನಗಳ ಪ್ರದರ್ಶನ ಮುಗಿಯಿತು. ಎಂದಿನ ಹಾಗೆ ನಿಮ್ಮ ಸಂಘದ ಮೇಜಿಗೆ ಚಹಾ ತೆಗೆದುಕೊಂಡು ಹೋಗಿದ್ದೆ. ನೀವಿಲ್ಲದೆ ಹೋಗಲು ಮನಸ್ಸಿರಲಿಲ್ಲ, ನಿಜ. ಆದರೆ ಏಪ್ರಿಲಿನಲ್ಲಿ ನಿಮ್ಮ ಸಂಘದ ಸುಗಿಯಾಮಾ ಮತ್ತು ಆ ಹಲ್ಲಿನ ಡಾಕ್ಟರ್ ಇಕೇಗಯಾ ಇಬ್ಬರೂ ಮನೆಗೆ ಬಂದು ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ಮೊಚಿಜುಕಿ ಅವರ ಫ್ಯಾಂಟಮ್ ಯುದ್ಧವಿಮಾನವನ್ನು ಪ್ರದರ್ಶನದಲ್ಲಿ ಇಡುತ್ತೇವೆ, ಅವರ ಜಾಗ ಖಾಲಿ ಇರಬಾರದು ಎಂದು ಕೇಳಿದ್ದರು. ಅರ್ಧ ಕಟ್ಟಿದ್ದು ಅರ್ಧ ಕಟ್ಟಿದ ಹಾಗೆಯೇ ಇರುತ್ತದೆ ಎಂದು ನಾನು ತಿಳಿದುಕೊಂಡೆ. ಸಂಘದವರು ಹಾಗೆ ಇಡುತ್ತಾರಲ್ಲ, ಪಕ್ಕದಲ್ಲಿ "ಕೆಲಸ ನಡೆಯುತ್ತಿದೆ" ಎಂಬ ಚೀಟಿ ಹಚ್ಚಿ. ನನಗೆ ಅದು ಹಿತವಾಗಿಯೇ ಕಂಡಿತು. ಕೆಲಸ ನಡೆಯುತ್ತಿದೆ ಎಂದರೆ ಮನುಷ್ಯ ಬರುತ್ತಾನೆ ಎಂದರ್ಥ. ಒಳ್ಳೆಯ ಡಬ್ಬಿ ಹುಡುಕಿ, ಹತ್ತಿ ತುಂಬಿ, ನಾನೇ ನನ್ನ ಕೈಯಾರೆ ಕೊಟ್ಟು ಕಳುಹಿಸಿದೆ.

ಅದು ಆಗ ಹೇಗಿತ್ತು ಎಂದು ನಿಮಗೆ ನೆನಪಿಸುವ ಅಗತ್ಯವಿಲ್ಲ, ಆದರೂ ನೆನಪಿಸುತ್ತೇನೆ. ರೆಕ್ಕೆ, ಮೈ, ಬಾಲ ಎಲ್ಲ ಅಂಟಿಸಿ ಆಗಿತ್ತು. ಒಳಗಿನ ಎರಡು ಆಸನಗಳನ್ನೂ, ಅವುಗಳ ಬೆಲ್ಟುಗಳನ್ನೂ, ಉಗುರಿನಷ್ಟಗಲದ ಹಲಗೆಯ ಮೇಲೆ ಸಾಸಿವೆಗಿಂತ ಸಣ್ಣ ಗಡಿಯಾರಗಳನ್ನೂ ಹಲ್ಲುಕಡ್ಡಿಯ ತುದಿಯಿಂದ ಬರೆದು ಮುಗಿಸಿದ್ದಿರಿ. ಆ ಚಳಿಗಾಲವೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದಿರಿ. ಊಟಕ್ಕೆ ಕರೆದರೆ "ಈಗ ಉಸಿರು ಬಿಟ್ರೆ ಮುಳ್ಳು ಸೊಟ್ಟಗಾಗುತ್ತೆ" ಎನ್ನುತ್ತಿದ್ದಿರಿ, ನನ್ನ ಮೀನು ಆರಿ ತಣ್ಣಗಾಗುತ್ತಿತ್ತು. ಹೊರಮೈಗೆ ಮಾತ್ರ ಬಣ್ಣ ಬಿದ್ದಿರಲಿಲ್ಲ. ಬರೀ ಪ್ಲಾಸ್ಟಿಕ್ಕಿನ ಬೂದು. ಎಡ ಪಕ್ಕೆಯಲ್ಲಿ, ಗಾಳಿ ನುಂಗುವ ಬಾಯಿಯ ಹಿಂದೆ, ಒಂದೇ ಒಂದು ಬಾಗಿಲಿಗೆ ಹಸಿರು ಬೆರೆತ ಬಣ್ಣ ಹಚ್ಚಿದ್ದಿರಿ. ಅದನ್ನು ಮೊದಲು ಹಚ್ಚಿ, ಮೇಲೆ ಟೇಪು ಅಂಟಿಸಿ ಮುಚ್ಚಿ, ಆಮೇಲೆ ಇಡೀ ಮೈಗೆ ಬೂದು ಬಣ್ಣ ಊದುವುದು ನಿಮ್ಮ ಲೆಕ್ಕ. ಟೇಪು ಕತ್ತರಿಸುವ ಮೊದಲೇ ಲಕ್ವ ಹೊಡೆದು ನೀವು ಕುರ್ಚಿಯಿಂದ ಜಾರಿದಿರಿ. ನಿಮ್ಮನ್ನು ಆಂಬುಲೆನ್ಸಿನಲ್ಲಿ ಸೇರಿಸಿ, ಮಾರನೆಯ ದಿನ ಬಟ್ಟೆ ಒಯ್ಯಲು ಮನೆಗೆ ಬಂದಾಗ ಆ ಬಣ್ಣದ ಚಿಕ್ಕ ಬಾಟಲಿ ಮುಚ್ಚಳ ತೆರೆದೇ ನಿಂತಿತ್ತು. ನಾನು ಮುಚ್ಚಳ ಹಾಕಿ ಬಿಗಿಯಾಗಿ ತಿರುಗಿಸಿದೆ. ಆಸ್ಪತ್ರೆಯಲ್ಲಿ ಗಂಡ ಸಾವು ಬದುಕಿನ ನಡುವೆ ಇರುವಾಗ ಬಾಟಲಿ ಮುಚ್ಚುತ್ತಾ ನಿಂತಿದ್ದೇನಲ್ಲ ಎಂದು ನನಗೇ ಅನ್ನಿಸಿತು. ಆದರೂ ಮುಚ್ಚಿದೆ.

ಇನ್ನು ಪ್ರದರ್ಶನದ ಕಥೆ ಕೇಳಿ. ಒಳಗೆ ಕಾಲಿಡಲು ಜಾಗವಿಲ್ಲ. ಟ್ಯಾಂಕುಗಳು, ಹಡಗುಗಳು, ಅವುಗಳ ಮೇಲೆ ಬಗ್ಗಿ ಕನ್ನಡಕ ಏರಿಸುವ ಗಂಡಸರು, ಅವರ ಹಿಂದೆ ಕೈಚೀಲ ಹಿಡಿದು ಆಕಳಿಸುವ ಹೆಂಡತಿಯರು. ನಿಮ್ಮ ಸಂಘದ ಮೇಜಿಗೆ ಈ ಸಲ ನೀಲಿ ಬಟ್ಟೆ. ನಾನು ಫ್ಲಾಸ್ಕನ್ನು ಕೆಳಗಿಟ್ಟು ನಿಮ್ಮ ವಿಮಾನ ಎಲ್ಲಿದೆ ಎಂದು ಹುಡುಕಿದರೆ ಕಾಣಿಸಲಿಲ್ಲ. ಬೂದು ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದ ನನಗೆ ಅದು ಹೇಗೆ ಕಂಡೀತು? ಮೇಜಿನ ನಟ್ಟನಡುವೆ, ಗಾಜಿನ ಪೆಟ್ಟಿಗೆಯ ಒಳಗೆ, ಮಿರಮಿರ ಮಿಂಚುವ ಒಂದು ಫ್ಯಾಂಟಮ್. ಮೈಗೆಲ್ಲ ಬಣ್ಣ, ರೆಕ್ಕೆಯ ಮೇಲೆ ಕೆಂಪು ಸೂರ್ಯ, ಬಾಲದ ಮೇಲೆ ದಳದ ಲಾಂಛನ, ಹಿಂಬದಿಯಲ್ಲಿ ಬೆಂಕಿ ಕಾರುವ ಕಡೆ ಸುಟ್ಟ ಲೋಹದ ನೀಲಿ ಛಾಯೆ, ಹಲಗೆಗಳ ಸಂದಿನಲ್ಲಿ ಎಣ್ಣೆ ಸೋರಿದ ಕಲೆ ಕೂಡ. ಒಳ್ಳೆಯ ಕೆಲಸವೇ, ಸುಳ್ಳು ಹೇಳುವುದಿಲ್ಲ. ಅದರ ಮುಂದೆ ಚಿನ್ನದ ಅಂಚಿನ ಕಾರ್ಡು. ಅದರ ಮೇಲೆ ಕುಂಚದ ಅಕ್ಷರದಲ್ಲಿ: "ಮೊಚಿಜುಕಿ ಕಾತ್ಸುಹಿಕೊ ಅವರ ಕೊನೆಯ ಕೃತಿ. ಗೆಳೆಯರ ಕೈಯಿಂದ ಪೂರ್ಣಗೊಂಡಿತು."

ಕೊನೆಯ ಕೃತಿಯಂತೆ! ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಬದುಕಿರುವ ಮನುಷ್ಯನಿಗೆ ಎಳ್ಳುನೀರು ಬಿಟ್ಟುಬಿಟ್ಟರಲ್ಲ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಹಮಾಮಾತ್ಸು ಕಡೆಯಿಂದ ಬಂದ ಯಾರೋ ಮುದುಕರು ಆ ಪೆಟ್ಟಿಗೆಯ ಮುಂದೆ ನಿಂತು ಕೈ ಜೋಡಿಸಿ ಕಣ್ಣು ಮುಚ್ಚಿದರು. ನಿಮಗೇ ರೀ! ನಿಮ್ಮ ಆತ್ಮಕ್ಕೆ! ಆಮೇಲೆ ನನ್ನ ಕಡೆ ತಿರುಗಿ, ನಾನು ಯಾರೆಂದು ಹೇಗೋ ಊಹಿಸಿ, ತಗ್ಗಿದ ದನಿಯಲ್ಲಿ "ಯಾವಾಗ ತೀರಿಕೊಂಡ್ರಮ್ಮಾ?" ಎಂದು ಕೇಳಿದರು. "ಮಧ್ಯಾಹ್ನ ಸೋಬಾ ನೂಡಲ್ಸ್ ತಿಂದು ಮಲಗಿದಾರೆ" ಎಂದೆ. ಪಾಪ, ಅವರ ಮುಖ ಕೆಂಪಾಗಿ, ಅಲ್ಲಿಂದ ಹೋಗುವವರೆಗೂ ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. ಅವರದೇನು ತಪ್ಪು?

ನೀವು ಈಗ ತುಟಿಯ ಒಂದು ಬದಿಯಲ್ಲಿ ನಗುತ್ತಿದ್ದೀರಿ ಎಂದು ಗೊತ್ತು. ನಗಬೇಡಿ, ಮುಖ್ಯ ವಿಷಯ ಇನ್ನೂ ಮುಂದಿದೆ. ನಾನು ಸುತ್ತಿಕೊಂಡು ಹೋಗಿ ಎಡ ಪಕ್ಕೆ ನೋಡಿದೆ. ನಿಮ್ಮ ಆ ಹಸಿರು ತೇಪೆ ಇರಲಿಲ್ಲ. ಆ ಒಂದು ಬಾಗಿಲೂ ಉಳಿದ ಮೈಯ ಹಾಗೆಯೇ ಬೂದು. ಎಲ್ಲಿ ಹೋಯಿತು ಎಂದು ಸುಗಿಯಾಮಾನನ್ನು ಕೇಳಿದೆ. ಆತ ನನ್ನನ್ನು ಕಂಬದ ಹಿಂದಕ್ಕೆ ಕರೆದುಕೊಂಡು ಹೋದ. ಕಣ್ಣಲ್ಲಿ ನೀರು ಬೇರೆ. "ಅತ್ತಿಗೆ, ನಿಮ್ಮ ಹತ್ರ ಹೇಳಬಾರದು ಅಂದ್ಕೊಂಡಿದ್ವಿ. ಪಾಪ, ಅವರಿಗೆ ಆವತ್ತೇ ಕೈ ತಪ್ಪಿತ್ತು ಅನ್ಸುತ್ತೆ. ಬಣ್ಣ ಎಲ್ಲ ತಪ್ಪು ಕಲಸಿದ್ರು, ಒಂದೇ ಕಡೆ ಬಳಿದು ಬಿಟ್ಟಿದ್ರು. ಯಾರಿಗೂ ಗೊತ್ತಾಗದ ಹಾಗೆ ನಾವು ಸರಿ ಮಾಡಿದ್ವಿ" ಎಂದ.

ಸರಿ ಮಾಡಿದರಂತೆ! ಯಾವ ವರ್ಷದ ವಿಮಾನಕ್ಕೆ ಯಾವ ಬೂದು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವ ಜನ ಅವರು. ಪುಸ್ತಕದಲ್ಲಿ ಇಲ್ಲದ ಬಣ್ಣ ಕಂಡ ಕೂಡಲೇ ಅದು ರೋಗದ ಗುರುತು ಎಂದು ತೀರ್ಮಾನಿಸಿಬಿಟ್ಟರು. ನನ್ನನ್ನು ಒಂದು ಮಾತು ಕೇಳಬಹುದಿತ್ತು, ಕೇಳಿದರೆ ನೊಂದುಕೊಳ್ಳುತ್ತೇನೆ ಎಂದು ಕೇಳಲಿಲ್ಲವಂತೆ. ಪಕ್ಕದಲ್ಲಿ ಇಕೇಗಯಾ ತಲೆ ತಗ್ಗಿಸಿ ನಿಂತಿದ್ದ. ಬಣ್ಣ ಊದಿದ್ದು ಅವನೇ. ಎಲ್ಲಿ ಸಂದು ಕಂಡರೂ ತುಂಬುವುದು ಅವನ ಕಸುಬಿನ ಚಟ, ಹಲ್ಲಾದರೇನು ವಿಮಾನವಾದರೇನು. ರೆಕ್ಕೆಯ ಬುಡದಲ್ಲಿ ನೀವು ಬೇಕೆಂದೇ ಬಿಟ್ಟಿದ್ದ ಸಣ್ಣ ಸಂದನ್ನೂ ತುಂಬಿ ಉಜ್ಜಿದ್ದಾನೆ, ಮಹಾರಾಯ.

ಆ ತೇಪೆ ಏನೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಅದು ಗೊತ್ತಿರುವುದು ನಿಮಗೆ ಮತ್ತು ನನಗೆ. ಚಿಹಾರು ಹುಟ್ಟುವ ಮುಂಚಿನ ಶರತ್ಕಾಲದಲ್ಲಿ ಹಮಾಮಾತ್ಸು ವಾಯುನೆಲೆಯ ಹಬ್ಬಕ್ಕೆ ನನ್ನನ್ನು ಎಳೆದುಕೊಂಡು ಹೋಗಿದ್ದಿರಲ್ಲ. ಹಾವುಮೀನು ತಿನ್ನಿಸುತ್ತೇನೆ ಎಂದು ಆಸೆ ತೋರಿಸಿ ಬಿಸಿಲಲ್ಲಿ ಬೇಲಿಗೆ ಒರಗಿಸಿ ನಿಲ್ಲಿಸಿದಿರಿ. ಒಂದೊಂದೇ ವಿಮಾನ ಇಳಿಯುತ್ತಿತ್ತು. ಕಿವಿ ಮುಚ್ಚಿಕೊಂಡು ಬೇಸತ್ತು ನಿಂತಿದ್ದ ನನ್ನ ಮುಂದೆ ಒಂದು ಫ್ಯಾಂಟಮ್ ತೇಲಿಕೊಂಡು ಬಂತು, ಅದರ ಪಕ್ಕೆಯಲ್ಲಿ ಒಂದು ಬಾಗಿಲು ಮಾತ್ರ ಬೇರೆ ಬಣ್ಣ. ನಿಮ್ಮ ಪ್ಯಾಂಟಿನ ತೇಪೆಯ ಹಾಗಿದೆ ಎಂದು ನಾನು ನಕ್ಕೆ. ಆಗ ನೀವು ಹೊಸದಾಗಿ ಬಸ್ಸು ಓಡಿಸುತ್ತಿದ್ದಿರಿ, ಡಿಪೋದಲ್ಲಿ ನಿಮಗೆ ಕೊಟ್ಟಿದ್ದೂ ಬೇರೆ ಬಸ್ಸಿನ ಬಾಗಿಲು ಹಾಕಿದ ಹಳೆಯ ಗಾಡಿ. ನೀವು ನಗಲಿಲ್ಲ. ವಿಮಾನ ನಿಲ್ಲುವವರೆಗೂ ನೋಡುತ್ತಾ ನಿಂತು, "ನೋಡು, ಬೇರೆಯವರ ಬಾಗಿಲು ಹಾಕ್ಕೊಂಡು ಬಂದಿದೆ. ಆದ್ರೂ ಬಂದಿದೆ" ಎಂದಿರಿ. ಆ ಮಾತಿಗೆ ನಾನು ನಿಮ್ಮನ್ನು ಮೆಚ್ಚಿಕೊಂಡೆ ಎಂದು ಇಂದಿನವರೆಗೂ ಹೇಳಿಲ್ಲ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಗಂಡನನ್ನು ಮೆಚ್ಚಿದ್ದು ಅವತ್ತು. ಯಾವತ್ತಾದರೂ ಕಟ್ಟಿದರೆ ಆ ತೇಪೆಯದ್ದನ್ನೇ ಕಟ್ಟಿ ಎಂದು ಅಪ್ಪಣೆ ಕೊಟ್ಟೆ. ನೀವೇನು ಮಾಡಿದಿರಿ? ನೂರೆಂಟು ಬೇರೆ ವಿಮಾನ ಕಟ್ಟಿದಿರಿ. ಅದಕ್ಕೆ ಮಾತ್ರ, ಇನ್ನೂ ಕೈ ಪಳಗಿಲ್ಲ ಎಂದು ಮುಂದೂಡುತ್ತಲೇ ಬಂದಿರಿ. ಕೊನೆಗೆ ಬಸ್ಸಿನಿಂದ ನಿವೃತ್ತಿಯಾಗಿ, ಅವತ್ತಿನ ಫೋಟೋ ಹೊರತೆಗೆದು, ಹೊಸ ವರ್ಷದ ರಜೆಯೆಲ್ಲ ಕಿಟಕಿಯ ಬೆಳಕಿನಲ್ಲಿ ಹನಿ ಹನಿ ಬೆರೆಸಿ ಆ ಹಸಿರು ಬೂದನ್ನು ಹಿಡಿದಿರಿ. "ಇದೇ ಅಲ್ವಾ?" ಎಂದು ನನಗೆ ತೋರಿಸಿದಿರಿ. ಇದೇ ಎಂದೆ. ಈಗ ಹೇಳಿ, ಅದು ತಪ್ಪು ಕಲಸಿದ ಬಣ್ಣವೇ?

ಇಷ್ಟೆಲ್ಲ ಕೇಳಿದ ಮೇಲೆ ಅಲ್ಲೇ ಜಗಳ ತೆಗೆದಿರಬೇಕು ಎಂದುಕೊಂಡಿರಾ? ಎಲ್ಲಿಂದ! ನಾನು ಚಹಾ ಬಗ್ಗಿಸಿ ಕೊಟ್ಟೆ. ತುಂಬಾ ಉಪಕಾರವಾಯಿತು ಎಂದು ಸೊಂಟ ಬಗ್ಗಿಸಿ ವಂದಿಸಿದೆ. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿ ನುಂಗಿ ಹೊಟ್ಟೆ ತುಂಬಿ, ಮನೆಯಿಂದ ಒಯ್ದಿದ್ದ ಅನ್ನದುಂಡೆ ತಿನ್ನಲಾಗಲಿಲ್ಲ. ಅಷ್ಟು ಸಾಲದು ಎಂಬಂತೆ ಸಂಜೆ ಅದಕ್ಕೊಂದು ಬಹುಮಾನ ಬಂತು, ನೋಡುಗರು ಮೆಚ್ಚಿದ ಮಾದರಿ ಎಂದು. ಇಷ್ಟು ವರ್ಷಗಳಲ್ಲಿ ನಿಮಗೆ ಬಂದ ಮೊದಲ ಬಹುಮಾನ, ಅದೂ ಹಲ್ಲಿನ ಡಾಕ್ಟರು ಊದಿದ ಬಣ್ಣಕ್ಕೆ. ಸುಗಿಯಾಮಾ ವೇದಿಕೆಯ ಮೇಲೆ ಅತ್ತ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಂಗೈ ಉರಿಯುವ ಹಾಗೆ.

ಸಿಟ್ಟು ಅವರ ಮೇಲೆ ಎಂದುಕೊಂಡೇ ಆ ಹೊತ್ತೆಲ್ಲ ಹಲ್ಲು ಕಚ್ಚಿಕೊಂಡಿದ್ದೆ. ಎಲ್ಲ ಮುಗಿದು ಪೆಟ್ಟಿಗೆ ಕಟ್ಟುವಾಗ, ಮನೆಯವರನ್ನು ಕೇಳದೆ ಹೀಗೆ ಮಾಡಬಹುದೇ ಎಂದು ಮೆತ್ತಗೆ ಒಂದು ಮಾತು ಎತ್ತಿದೆ. ಆಗ ಸುಗಿಯಾಮಾ ತಬ್ಬಿಬ್ಬಾಗಿ ನೋಡಿದ. "ಕೇಳಿದ್ವಲ್ಲ ಅತ್ತಿಗೆ. ಮಾರ್ಚಿನಲ್ಲಿ ಇಜುವಿಗೆ ಹೋಗಿದ್ವಿ. ಅವರೇ ಹೇಳಿದ್ದು, ನೀವೇ ಮುಗಿಸಿಬಿಡಿ, ನಾನಿನ್ನು ಕುಂಚ ಹಿಡಿಯೋದಿಲ್ಲ ಅಂತ. ನಿಮಗೆ ಗೊತ್ತಿದೆ ಅಂದ್ಕೊಂಡೆ" ಎಂದ. ನಾನು ಗೊತ್ತಿದೆ ಎಂದುಬಿಟ್ಟೆ. ಇನ್ನೇನು ಹೇಳಲಿ? ಗಂಡ ನನಗೆ "ಹೂಂ" ಬಿಟ್ಟು ಬೇರೆ ಮಾತೇ ಆಡುವುದಿಲ್ಲ, ನಿಮ್ಮ ಹತ್ತಿರ ಇಷ್ಟೆಲ್ಲ ಹೇಳಿದ್ದು ನನಗೆ ಗೊತ್ತಿಲ್ಲ ಎನ್ನಲೇ? ವಿಮಾನದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ನಿಮ್ಮನ್ನು ಬೈದೆ. ಪಕ್ಕದಲ್ಲಿ ಕುಳಿತಿದ್ದವಳು ಎದ್ದು ಬೇರೆ ಸೀಟಿಗೆ ಹೋದಳು.

ರೀ, ಆ ವಿಮಾನ ನಿಮ್ಮೊಬ್ಬರದು ಎಂದು ನಿಮಗೆ ಹೇಳಿದವರು ಯಾರು? ದಾನ ಮಾಡುವ ಮೊದಲು ಅರ್ಧ ಪಾಲಿನವಳನ್ನು ಕೇಳಬೇಕಲ್ಲವೇ? ಸುಗಿಯಾಮಾನಿಗೆ ತೇಪೆಯ ಕಥೆಯನ್ನಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಮುಗಿಸಿಬಿಡಿ ಎಂದರೆ ಮುಗಿಯಿತೇ? ಚಿಹಾರುವಿನ ಕೈಯಲ್ಲಿ ಇನ್ನೊಂದು ಅಪ್ಪಣೆ ಕಳುಹಿಸಿದ್ದೀರಿ: ಬಣ್ಣ ಊದುವ ಯಂತ್ರವನ್ನೂ ಸಲಕರಣೆಗಳನ್ನೂ ಇಕೇಗಯಾಗೆ ಕೊಟ್ಟು, ಕಟ್ಟದ ಡಬ್ಬಿಗಳನ್ನು ಸಂಘಕ್ಕೆ ಹಂಚಿ, ಆ ಕೋಣೆ ಖಾಲಿ ಮಾಡಿ ನಿಮ್ಮ ಹಾಸಿಗೆ ಹಾಕಬೇಕು. ಹಾಸಿಗೆ ಹಾಕಿ ಏನು ಮಾಡುತ್ತೀರಿ? ಚಾವಣಿ ನೋಡುತ್ತೀರಾ? ನಿಮಗೆ ವ್ಯಾಯಾಮ ಮಾಡಿಸುವ ಹುಡುಗಿ ನಾಗಾಕುರಾ ಮೊನ್ನೆ ಫೋನ್ ಮಾಡಿದ್ದಳು. ಕಾಲು ಚೆನ್ನಾಗಿ ಸುಧಾರಿಸಿದೆ, ಕೋಲು ಹಿಡಿದು ನಡೆಯುತ್ತಾರೆ, ಆದರೆ ಎಡಗೈಯ ಅಭ್ಯಾಸಕ್ಕೆ ಕರೆದರೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ನೋಡುತ್ತಾರೆ ಎಂದಳು. "ಅವರಿಗೆ ಆಗಲ್ಲ ಅಂತಲ್ಲ ಅಮ್ಮ, ಬೇಡ ಅಂತಾರೆ" ಎಂದಳು. ಚಿಕ್ಕ ಹುಡುಗಿ, ಅಳುವ ಹಾಗಿದ್ದಳು. ಮಣಿ ಪೋಣಿಸುವುದು, ಬಟಾಣಿ ಎತ್ತಿಡುವುದು ಮಕ್ಕಳ ಆಟ ಎಂದು ಅವಳಿಗೆ ಹೇಳಿದಿರಂತೆ. ಒಂದು ಇಡೀ ಚಳಿಗಾಲ ಹಲ್ಲುಕಡ್ಡಿಯಿಂದ ಗಡಿಯಾರದ ಮುಳ್ಳು ಬರೆದವರಿಗೆ ಬಟಾಣಿ ಕಂಡರೆ ಅವಮಾನವೇ?

ನಿಮ್ಮ ನೋವು ನನಗೆ ಗೊತ್ತಿಲ್ಲ ಎನ್ನಬೇಡಿ. ಆ ಬಲಗೈ ನನಗೂ ಗೊತ್ತು, ನಾನೂ ಅದನ್ನು ಹಿಡಿದುಕೊಂಡೇ ಇಷ್ಟು ದೂರ ಬಂದವಳು. ಅದು ಇನ್ನು ಮೊದಲಿನ ಹಾಗೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಆಸ್ಪತ್ರೆಯ ಶೌಚಾಲಯದಲ್ಲಿ ನೀರಿನ ನಲ್ಲಿ ತಿರುಗಿಸಿಟ್ಟು ಅತ್ತಿದ್ದೇನೆ. ಆದರೆ ಬಾಗಿಲೊಂದು ಹೋಯಿತು ಎಂದು ಗಾಡಿಯನ್ನೇ ಗುಜರಿಗೆ ಹಾಕುವುದು ಎಲ್ಲಿಯ ನ್ಯಾಯ? ಬೇರೆಯವರ ಬಾಗಿಲು ಹಾಕಿಕೊಂಡು ಬಂದಿದೆ, ಆದರೂ ಬಂದಿದೆ ಎಂದವರು ನೀವೇ ಅಲ್ಲವೇ? ವಿಮಾನಕ್ಕೆ ಹೇಳುವುದು ಸುಲಭ, ಬಸ್ಸಿಗೆ ಹೇಳುವುದು ಸುಲಭ, ತನ್ನ ಮೈಗೆ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ನನಗೆ ನಿಮ್ಮ ಮೇಲೆ ಬಂದಿರುವ ಸಿಟ್ಟು ಇದೇ. ಸುಗಿಯಾಮಾ, ಇಕೇಗಯಾ ಇಬ್ಬರೂ ನಿಮ್ಮನ್ನು ಮುಗಿದವರ ಲೆಕ್ಕಕ್ಕೆ ಸೇರಿಸಿದ್ದು ತಪ್ಪೇ. ಆದರೆ ಆ ಲೆಕ್ಕವನ್ನು ಅವರ ಕೈಗೆ ಬರೆದುಕೊಟ್ಟವರು ನೀವು.

ನಿನ್ನೆ ಇಕೇಗಯಾ ಸಲಕರಣೆ ಒಯ್ಯಲು ಖಾಲಿ ಪೆಟ್ಟಿಗೆ ಹಿಡಿದು ಬಂದಿದ್ದ. ನೀವು ಅವನಿಗೂ ಫೋನ್ ಮಾಡಿಸಿದ್ದಿರಂತೆ, ಎಷ್ಟು ಚುರುಕು! ಕೋಣೆಯ ಬಾಗಿಲು ನಾನು ತೆಗೆಯಲಿಲ್ಲ. ಕೀಲಿ ಸಿಗುತ್ತಿಲ್ಲ ಎಂದೆ. ಆ ಕೋಣೆಗೆ ಕೀಲಿಯೇ ಇಲ್ಲ ಎಂದು ಅವನಿಗೂ ಗೊತ್ತು. ತೇಪೆಯ ಕಥೆಯನ್ನು ಹೊಸಿಲಲ್ಲೇ ನಿಲ್ಲಿಸಿಕೊಂಡು ಹೇಳಿದೆ. ಹಲ್ಲು ಕಿತ್ತವರ ಹಾಗೆ ಬಾಯಿ ತೆರೆದುಕೊಂಡು ಕೇಳಿದ. "ಹಾಗಾದ್ರೆ ನಾನು ಅವರ ಬಣ್ಣದ ಮೇಲೆ..." ಎಂದವನು ಖಾಲಿ ಪೆಟ್ಟಿಗೆಯನ್ನು ಕೆಳಗಿಟ್ಟ. ಕೆಟ್ಟವನಲ್ಲ. ಅವನ ಪೆಟ್ಟಿಗೆಗೆ ಬಿದಿರಿನ ಕಳಲೆ ತುಂಬಿಸಿ ಕಳುಹಿಸಿದೆ, ಹಿತ್ತಲಿನಾಚೆಯ ಮನೆಯ ಮಿಯಾ ಅಜ್ಜಿ ತಂದುಕೊಟ್ಟದ್ದು ಹೇಗೂ ಹೆಚ್ಚಾಗಿತ್ತು.

ಚಿಹಾರು ನಗೋಯಾದಿಂದ ಜೂನ್ ಕೊನೆಯಲ್ಲಿ ಬಂದು ನಿಮ್ಮನ್ನು ಕರೆತರುತ್ತಾಳೆ. ಹಾಸಿಗೆ ಹಜಾರದಲ್ಲಿ ಹಾಕುತ್ತೇನೆ, ಅಲ್ಲಿಂದ ತೋಟವೂ ಕಾಣುತ್ತದೆ, ಬಾತ್‌ರೂಮೂ ಹತ್ತಿರ. ಆ ಕೋಣೆ ಇದ್ದ ಹಾಗೆಯೇ ಇರುತ್ತದೆ. ಇದರಲ್ಲಿ ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ, ಬರೀ ತಿಳಿಸುತ್ತಿದ್ದೇನೆ. ಅನ್ನ ಬಿಡಬೇಡಿ, ಮಾತ್ರೆ ಬಿಡಬೇಡಿ. ನಾಗಾಕುರಾ ಹುಡುಗಿಗೆ ನನ್ನ ಹೆಸರು ಹೇಳಿ ಈ ಚಹಾದಲ್ಲಿ ಒಂದು ಲೋಟ ಕೊಡಿ, ಮತ್ತು ಅವಳನ್ನು ಅಳಿಸಬೇಡಿ. ಪಕ್ಕದ ಹಾಸಿಗೆಯ ಮುದುಕರಿಗೆ ನನ್ನ ನಮಸ್ಕಾರ. ದೇವರು ನಿಮಗೆ ಆರೋಗ್ಯ ಕೊಡಲಿ, ಅದರ ಜೊತೆ ಚೂರು ಬುದ್ಧಿಯನ್ನೂ ಕೊಡಲಿ.

ಸಿಟ್ಟು ಇಳಿಯದ, ಆದರೂ ನಿಮ್ಮವಳೇ ಆದ
ಫುಸಾಯೊ

ಇನ್ನೊಂದು ಮಾತು: ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ವಿಮಾನ ಏನಾಯಿತು ಎಂದು ಕೇಳುತ್ತೀರಿ. ಅವರು ಹಚ್ಚಿದ ಬಣ್ಣವನ್ನು ನಾನು ತೆಗೆದುಬಿಟ್ಟೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ, ಟ್ಯಾಂಕಿನೊಳಗಿನ ನೀರು ತೆಗೆಯುವ ಆ ದ್ರವದಿಂದಲೇ ತೆಗೆದೆ. ನನ್ನ ಉಪ್ಪಿನಕಾಯಿ ಡಬ್ಬಿಯನ್ನು ಹಾಳು ಮಾಡಿ ನೀವು ಎಷ್ಟು ಸಲ ಅದರಲ್ಲಿ ವಿಮಾನ ತೊಳೆದಿಲ್ಲ? ಬಂಕಿನವನು ಗಾಡಿ ಎಲ್ಲಿ ಅಜ್ಜಿ ಎಂದು ಕೇಳಿದ, ಇಜುವಿನಲ್ಲಿ ರಿಪೇರಿಗೆ ಇದೆ ಎಂದೆ. ಮುಳುಗಿಸಲಿಲ್ಲ, ಹೆದರಬೇಡಿ. ಗಾಜಿನ ಮುಚ್ಚಿಗೆಯನ್ನು ಉಗುರಿನಿಂದ ಬಿಡಿಸಿ ತೆಗೆದಿಟ್ಟು, ನಿಮ್ಮ ಆಸನ ಗಡಿಯಾರಗಳಿಗೆ ತಾಗದ ಹಾಗೆ ಬಟ್ಟೆ ತುರುಕಿ, ಬಟ್ಟೆ ಒದ್ದೆ ಮಾಡಿ ಮೈಯನ್ನಷ್ಟೇ ಒರೆಸಿದೆ. ಮೂಗಿನ ತುದಿಯ ಸೂಜಿ ಮುರಿಯಿತು, ಬಂದು ಬೈಯಿರಿ. ಆದರೆ ಅವರ ಬೂದಿನ ಜೊತೆ ಅಡಿಯಲ್ಲಿದ್ದ ನಿಮ್ಮ ತೇಪೆಯೂ ಬಟ್ಟೆಗೆ ಬಂದುಬಿಟ್ಟಿತು. ಹಸಿರು ಕಂಡಾಗಲೇ ಗೊತ್ತಾದದ್ದು. ಆಮೇಲೆ ನಿಮ್ಮ ಆ ಬಾಟಲಿ ಹುಡುಕಿದೆ. ಒಣಗಿರಲಿಲ್ಲ. ನಿಮ್ಮ ಕುರ್ಚಿಯಲ್ಲಿ ಕುಳಿತು, ನಿಮ್ಮ ಸಣ್ಣ ಕುಂಚದಿಂದ ಅದೇ ಜಾಗಕ್ಕೆ ನಾನೇ ಹಚ್ಚಿದೆ. ಅಂಚು ಮೀರಿದೆ, ಒಂದು ಮೂಲೆ ಸೊಟ್ಟಗಾಗಿದೆ, ಒಂದು ಕಡೆ ದಪ್ಪ ಒಂದು ಕಡೆ ತೆಳು, ನೋಡಲು ಸಹಿಸುವುದಿಲ್ಲ ನಿಮಗೆ. ಈಗ ವಿಮಾನ ನಿಮ್ಮ ಮೇಜಿನ ಮೇಲೆ ಹೆಚ್ಚುಕಡಿಮೆ ನೀವು ಬಿಟ್ಟುಹೋದ ಹಾಗೆಯೇ ಇದೆ, ಬರೀ ಬೂದು ಪ್ಲಾಸ್ಟಿಕ್ಕು, ಒಂದು ತೇಪೆ. ಇಕೇಗಯಾನಾಗಲಿ ಬೇರೆ ಯಾರೇ ಆಗಲಿ ಅದನ್ನು ಮುಟ್ಟಕೂಡದು, ನೀವು ಬಂದೇ ಸರಿ ಮಾಡಬೇಕು. ಇನ್ನೊಂದು: ಅದನ್ನು ನಾನು ಬೇಕೆಂದೇ ಎಡಗೈಯಲ್ಲಿ ಹಚ್ಚಿದೆ. ಬಲಗೈಯನ್ನು ನಿಮ್ಮ ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕುಂಚ ಹಿಡಿದೇ ಗೊತ್ತಿಲ್ಲದ ನನ್ನಿಂದ ಅಷ್ಟಾದರೂ ಆಯಿತು.